ಓದೋ, ಆಟವೋ? 18ರ ಹರೆಯದ ಕಠಿಣ ಪ್ರಶ್ನೆಗೆ ಅಮೆರಿಕದ ಬೇಸ್‌ಬಾಲ್ ಬರೆದಿಟ್ಟ ಒಂದು ಷರತ್ತು

2024ರ ಡಿಸೆಂಬರ್ 28. ಮೆಲ್ಬರ್ನ್ ಮೈದಾನದಲ್ಲಿ ಭಾರತದ ಒಂಬತ್ತು ವಿಕೆಟ್ ಬಿದ್ದಿವೆ. ಕೊನೆಯ ಆಟಗಾರ ಮೊಹಮ್ಮದ್ ಸಿರಾಜ್ ಉಳಿದ ಎಸೆತಗಳನ್ನು ಹೇಗೋ ತಡೆದು ಮುಗಿಸಿದ್ದಾರೆ. ಇನ್ನೊಂದು ತುದಿಯಲ್ಲಿ 21 ವರ್ಷದ ನಿತೀಶ್ ಕುಮಾರ್ ರೆಡ್ಡಿ ಚೆಂಡನ್ನು ಬೌಂಡರಿಗಟ್ಟಿ ಶತಕ ಪೂರೈಸುತ್ತಾರೆ. ಕ್ಯಾಮೆರಾ ಗ್ಯಾಲರಿಯತ್ತ ತಿರುಗುತ್ತದೆ. ಅಲ್ಲಿ ಕೈಮುಗಿದು ಅಳುತ್ತಿರುವ ಒಬ್ಬ ಅಪ್ಪ.

ಆ ವಿಡಿಯೋ ನೋಡದವರು ಕಡಿಮೆ. ಆದರೆ ಅದರ ಹಿಂದಿನ ಲೆಕ್ಕಾಚಾರ ಎಷ್ಟು ಮಂದಿಗೆ ಗೊತ್ತು? ನಿತೀಶ್ ತಂದೆ ಮುತ್ಯಾಲ ರೆಡ್ಡಿ ವಿಶಾಖಪಟ್ಟಣದಲ್ಲಿ ಹಿಂದೂಸ್ತಾನ್ ಜಿಂಕ್ ಕಂಪನಿಯ ಉದ್ಯೋಗಿಯಾಗಿದ್ದರು. ರಾಜಸ್ಥಾನದ ಉದಯಪುರಕ್ಕೆ ವರ್ಗಾವಣೆಯಾಯಿತು. ಹೋದರೆ ಮಗನ ಕ್ರಿಕೆಟ್ ನಿಲ್ಲುತ್ತದೆ. ಅವರು ಕೆಲಸವನ್ನೇ ಬಿಟ್ಟರು. ನಿವೃತ್ತಿಗೆ ಇನ್ನೂ ಬಹಳ ವರ್ಷಗಳಿದ್ದವು, ಮಗ ಆಗಿನ್ನೂ ಶಾಲಾ ಬಾಲಕ. ಮನೆಯ ಹಣದ ಕಷ್ಟಕ್ಕೆ ಅಪ್ಪ ಅಳುವುದನ್ನು ಕಂಡ ದಿನದಿಂದಲೇ ತಾನು ಆಟವನ್ನು ಗಂಭೀರವಾಗಿ ತೆಗೆದುಕೊಂಡೆ ಎಂದು ನಿತೀಶ್ ನಂತರ ಹೇಳಿಕೊಂಡಿದ್ದಾರೆ.

ಈ ಕಥೆ ಗೆದ್ದಿತು, ಹಾಗಾಗಿ ನಮಗೆ ಗೊತ್ತಾಯಿತು. ಇದೇ ಜೂಜಾಡಿ ಸೋತ ಅಪ್ಪಂದಿರತ್ತ ಯಾವ ಕ್ಯಾಮೆರಾವೂ ತಿರುಗುವುದಿಲ್ಲ.

ವಿಜಯವಾಡದಿಂದ ಹೈದರಾಬಾದ್ ಹೆದ್ದಾರಿ ಹಿಡಿದರೆ ಮರದ ಬೊಂಬೆಗಳಿಗೆ ಹೆಸರಾದ ಕೊಂಡಪಲ್ಲಿ ಸಿಗುತ್ತದೆ. ಅದರ ಹತ್ತಿರದಲ್ಲೇ ಮೂಲಪಾಡು. ಬೆಟ್ಟಗಳ ನಡುವೆ ಆಂಧ್ರ ಕ್ರಿಕೆಟ್ ಸಂಸ್ಥೆಯ ಮೈದಾನವಿದೆ. 2016ರ ನವೆಂಬರ್‌ನಲ್ಲಿ ಭಾರತ ಮತ್ತು ವೆಸ್ಟ್ ಇಂಡೀಸ್ ಮಹಿಳಾ ತಂಡಗಳು ಇಲ್ಲಿ ಏಕದಿನ ಪಂದ್ಯಗಳನ್ನಾಡಿದ್ದವು. ಇಂಥ ಮೈದಾನಗಳ ಹೊರಗೆ ಕಿಟ್ ಬ್ಯಾಗ್ ಹೊತ್ತು ನಿಂತ ಹುಡುಗ ಹುಡುಗಿಯರು, ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ, ಹದಿನೇಳು ಹದಿನೆಂಟಕ್ಕೆ ಬಂದಾಗ ಮನೆಯಲ್ಲಿ ಒಂದೇ ಚರ್ಚೆ: ಪಿಯುಸಿ ಆದ ಮೇಲೆ ಕಾಲೇಜಾ, ಆಟವಾ?

ಈ ಪ್ರಶ್ನೆಯನ್ನು ಪ್ರತಿವರ್ಷ ಹುಡುಗರಿಗೆ ನಿಯಮದ ಪ್ರಕಾರವೇ ಕೇಳುವ ಒಂದು ಕ್ರೀಡೆಯಿದೆ. ಅದು ಅಮೆರಿಕದ ಬೇಸ್‌ಬಾಲ್. ಅವರು ಅದಕ್ಕೆ ಕಂಡುಕೊಂಡ ಉತ್ತರ ನಮ್ಮ ಪೋಷಕರಿಗೂ ಗೊತ್ತಿರಬೇಕಾದದ್ದು.

ಬೇಸ್‌ಬಾಲ್ ಡ್ರಾಫ್ಟ್ ಎಂದರೇನು?

ಐಪಿಎಲ್ ಹರಾಜಿನಂತೆ ಅಲ್ಲಿ ಪ್ರತಿವರ್ಷ 'ಡ್ರಾಫ್ಟ್' ನಡೆಯುತ್ತದೆ. ವ್ಯತ್ಯಾಸವೆಂದರೆ, ಇಲ್ಲಿ ಹಣ ಕೂಗುವುದಿಲ್ಲ. ಮೇಜರ್ ಲೀಗ್‌ನ 30 ತಂಡಗಳು ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುತ್ತವೆ. 2021ರಿಂದ ಒಟ್ಟು 20 ಸುತ್ತು, ಅಂದರೆ ವರ್ಷಕ್ಕೆ ಸುಮಾರು 600 ಹುಡುಗರು.

ಹೈಸ್ಕೂಲು ಮುಗಿಸಿದ, ಇನ್ನೂ ಕಾಲೇಜು ಸೇರದ ಹುಡುಗನನ್ನು ತಂಡ ಆರಿಸಬಹುದು. ಅವನು ಸಹಿ ಹಾಕಿದರೆ ವೃತ್ತಿಪರ. ಹಾಕದೆ ನಾಲ್ಕು ವರ್ಷದ ಕಾಲೇಜಿಗೆ ಸೇರಿದರೆ, ಮೂರನೇ ವರ್ಷ ಮುಗಿಯುವವರೆಗೆ ಅಥವಾ 21 ತುಂಬುವವರೆಗೆ ಯಾವ ತಂಡವೂ ಅವನನ್ನು ಮುಟ್ಟುವಂತಿಲ್ಲ. ಎರಡು ವರ್ಷದ ಜೂನಿಯರ್ ಕಾಲೇಜು ಸೇರಿದವರಿಗೆ ಮಾತ್ರ ಈ ಕಾಯುವಿಕೆ ಇಲ್ಲ.

ಹಾಗಾಗಿ ಅಲ್ಲಿ ಹದಿನೆಂಟರ ಹುಡುಗ ಒಂದು ಬೇಸಿಗೆಯಲ್ಲಿ, ಕೆಲವೇ ವಾರಗಳಲ್ಲಿ ನಿರ್ಧರಿಸಬೇಕು. ಈಗ ಸಿಗುವ ಹಣವೋ, ಮೂರು ವರ್ಷದ ನಂತರ ಸಿಗಬಹುದಾದ ಹಣವೋ?

ಎರಡೂ ಕಡೆಯ ಉದಾಹರಣೆಗಳಿವೆ. ಗೆರಿಟ್ ಕೋಲ್ ಎಂಬ ಹುಡುಗನನ್ನು 2008ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಮೊದಲ ಸುತ್ತಿನಲ್ಲೇ ಆರಿಸಿತು. ಬಾಲ್ಯದಿಂದ ಆತ ಅದೇ ತಂಡದ ಅಭಿಮಾನಿ. ಆದರೂ ಬೇಡವೆಂದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ ಸೇರಿದ. ಮೂರು ವರ್ಷದ ನಂತರ, 2011ರಲ್ಲಿ, ಡ್ರಾಫ್ಟ್‌ನ ಮೊಟ್ಟಮೊದಲ ಆಯ್ಕೆಯಾಗಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದಿಂದ 80 ಲಕ್ಷ ಡಾಲರ್ ಬೋನಸ್ ಪಡೆದ. 2019ರ ಡಿಸೆಂಬರ್‌ನಲ್ಲಿ ಹಿಂದೆ ತಿರಸ್ಕರಿಸಿದ್ದ ಯಾಂಕೀಸ್ ತಂಡವೇ ಒಂಬತ್ತು ವರ್ಷಕ್ಕೆ 32.4 ಕೋಟಿ ಡಾಲರ್ ಕೊಟ್ಟು ಕರೆದುಕೊಂಡಿತು.

ಇನ್ನೊಬ್ಬ ಬ್ರಿಯನ್ ಟೇಲರ್. 1991ರ ಡ್ರಾಫ್ಟ್‌ನ ನಂಬರ್ ಒನ್ ಆಯ್ಕೆ. ಹೈಸ್ಕೂಲಿನಿಂದ ನೇರವಾಗಿ ಯಾಂಕೀಸ್‌ಗೆ 15.5 ಲಕ್ಷ ಡಾಲರ್‌ಗೆ ಸಹಿ ಹಾಕಿದ. 1993ರ ಡಿಸೆಂಬರ್‌ನಲ್ಲಿ ಒಂದು ಜಗಳದಲ್ಲಿ ಚೆಂಡೆಸೆಯುವ ತೋಳಿನ ಭುಜಕ್ಕೆ ಪೆಟ್ಟಾಯಿತು. ಮೇಜರ್ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ.

ಆಯ್ಕೆಯಾದ ಮಾತ್ರಕ್ಕೆ ದೊಡ್ಡ ಮೈದಾನ ಸಿಗುವುದಿಲ್ಲ ಎಂಬುದೂ ಗಮನಿಸಬೇಕಾದ ಅಂಶ. ಕೆಳಹಂತದ ಲೀಗ್‌ಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. 2023ರಲ್ಲಿ ಆಟಗಾರರ ಸಂಘ ಮಾಡಿಕೊಂಡ ಒಪ್ಪಂದದಂತೆ ಅತಿ ಕೆಳಗಿನ ಮೆಟ್ಟಿಲಿನ ಕನಿಷ್ಠ ಸಂಬಳ ವರ್ಷಕ್ಕೆ 19,800 ಡಾಲರ್, ಅತಿ ಮೇಲಿನದು 35,800. ಅಮೆರಿಕದ ಜೀವನವೆಚ್ಚದಲ್ಲಿ ಇದು ಕೈಬಾಯಿಗೆ ಸರಿಹೋಗುವ ಹಣ. ಅದೂ ಒಪ್ಪಂದಕ್ಕೂ ಮೊದಲು ಇದರ ಅರ್ಧಕ್ಕಿಂತ ಕಡಿಮೆಯಿತ್ತು.

ಒಪ್ಪಂದದಲ್ಲೇ ಕಾಲೇಜು ಫೀಸು

ಮುಖ್ಯ ವಿಷಯ ಇಲ್ಲಿದೆ. ಕಾಲೇಜು ಬಿಟ್ಟು ಸಹಿ ಹಾಕುವ ಹುಡುಗ ತನ್ನ ಒಪ್ಪಂದದಲ್ಲಿ ಇನ್ನೊಂದು ಷರತ್ತನ್ನೂ ಬರೆಸಿಕೊಳ್ಳಬಹುದು: ಮುಂದೆ ಆಟ ಕೈಕೊಟ್ಟರೆ ಕಾಲೇಜಿನ ಖರ್ಚನ್ನು ತಂಡವೇ ಕೊಡಬೇಕು. ಮೇಜರ್ ಲೀಗ್ ಬೇಸ್‌ಬಾಲ್‌ನ 'ಕಾಲೇಜ್ ಸ್ಕಾಲರ್‌ಶಿಪ್ ಪ್ಲಾನ್' ಎಂದೇ ಇದಕ್ಕೆ ಹೆಸರು. ಎಷ್ಟು ಹಣ ಎಂಬುದು ಸಹಿ ಹಾಕುವ ದಿನವೇ ನಿಗದಿಯಾಗುತ್ತದೆ. ಆಟ ಬಿಟ್ಟ ಎರಡು ವರ್ಷದೊಳಗೆ ಓದು ಶುರುಮಾಡಬೇಕು, ಇಲ್ಲದಿದ್ದರೆ ಹಕ್ಕು ಹೋಗುತ್ತದೆ.

ಅಂದರೆ ಹದಿನೆಂಟರ ಹುಡುಗರಲ್ಲಿ ಹೆಚ್ಚಿನವರು ಗೆಲ್ಲುವುದಿಲ್ಲ ಎಂಬುದನ್ನು ವ್ಯವಸ್ಥೆಯೇ ಒಪ್ಪಿಕೊಂಡಿದೆ. ಒಪ್ಪಿಕೊಂಡು ಹಿಂದಿನ ಬಾಗಿಲನ್ನು ತೆರೆದಿಟ್ಟಿದೆ.

ಆ ವ್ಯವಸ್ಥೆ ಚಿನ್ನವೇನಲ್ಲ. ಕಾಲೇಜು ಬೇಸ್‌ಬಾಲ್ ತಂಡವೊಂದಕ್ಕೆ ಬಹುಕಾಲ 11.7 ಪೂರ್ಣ ವಿದ್ಯಾರ್ಥಿವೇತನದ ಮಿತಿಯಿತ್ತು. ಅದನ್ನೇ ಇಪ್ಪತ್ತಕ್ಕೂ ಹೆಚ್ಚು ಹುಡುಗರು ಹಂಚಿಕೊಳ್ಳಬೇಕಿತ್ತು. ಕಾಲೇಜು ಆಟಗಾರ ತನ್ನ ಹೆಸರು ಬಳಸಿ ಜಾಹೀರಾತಿನಿಂದ ಹಣ ಗಳಿಸಲು ಅನುಮತಿ ಸಿಕ್ಕಿದ್ದೇ 2021ರ ಜುಲೈನಲ್ಲಿ. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ನಂತರ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ಹೀಗಾಗಿ ಓದುವುದೆಂದರೆ ಹಣ ಬಿಡುವುದು ಎಂಬ ಹಳೆಯ ಲೆಕ್ಕ ಅಲ್ಲೀಗ ಬದಲಾಗುತ್ತಿದೆ.

ಭಾರತದ ಇಬ್ಬರು ಹುಡುಗರೂ ಈ ದಾರಿಯಲ್ಲಿ ಹೋಗಿದ್ದರು. ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಇಬ್ಬರೂ ಮೂಲತಃ ಜಾವೆಲಿನ್ ಎಸೆಯುತ್ತಿದ್ದವರು. 'ಮಿಲಿಯನ್ ಡಾಲರ್ ಆರ್ಮ್' ಎಂಬ ಟಿವಿ ಸ್ಪರ್ಧೆಯಿಂದ ಬೆಳಕಿಗೆ ಬಂದು 2008ರ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದರು. (ಕ್ರಿಕೆಟಿಗ ರಿಂಕು ಸಿಂಗ್ ಬೇರೆ, ಇವರು ಬೇರೆ.) ದಿನೇಶ್ 2010ರಲ್ಲಿ ತಂಡದಿಂದ ಹೊರಬಿದ್ದು ಮನೆಗೆ ಮರಳಿದರು. ರಿಂಕು ಹಲವು ವರ್ಷ ಕೆಳಹಂತದ ಲೀಗ್‌ಗಳಲ್ಲಿ ಆಡಿ, ಗಾಯಗಳ ನಂತರ 2018ರಲ್ಲಿ ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಹೋದರು. ಹಾಲಿವುಡ್ ಅವರ ಕಥೆಯನ್ನು ಸಿನಿಮಾ ಮಾಡಿದ್ದು 2014ರಲ್ಲಿ. ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ.

ಮೈಸೂರಿನ ಪ್ರಸನ್ನ ಕಳೆದುಕೊಂಡ ಐದು ವರ್ಷ

ನಮ್ಮಲ್ಲಿ ಈ ಪ್ರಶ್ನೆ ಹೊಸದೇನಲ್ಲ. ಇ.ಎ.ಎಸ್. ಪ್ರಸನ್ನ 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದಾಗ ಎಂಜಿನಿಯರಿಂಗ್ ವಿದ್ಯಾರ್ಥಿ. ಕೆಲವೇ ವಾರಗಳಲ್ಲಿ ವೆಸ್ಟ್ ಇಂಡೀಸ್ ಪ್ರವಾಸಕ್ಕೆ ಕರೆ ಬಂತು. ತಂದೆಗೆ ಮಗ ಓದು ಬಿಟ್ಟು ಹೋಗುವುದು ಇಷ್ಟವಿರಲಿಲ್ಲ. ವಾಪಸ್ ಬಂದು ಪದವಿ ಮುಗಿಸುತ್ತೇನೆಂದು ಮಾತುಕೊಟ್ಟು ಮಗ ಹೊರಟರು. ಮರಳಿ ಬರುವಷ್ಟರಲ್ಲಿ ತಂದೆ ತೀರಿಕೊಂಡಿದ್ದರು.

ಪ್ರಸನ್ನ ಮಾತು ಉಳಿಸಿಕೊಂಡರು. ಎಂಜಿನಿಯರಿಂಗ್ ಮುಗಿಸಿದರು. ಮುಂದಿನ ಟೆಸ್ಟ್ ಆಡಿದ್ದು 1967ರ ಜನವರಿಯಲ್ಲಿ, ಅದೇ ಮದ್ರಾಸಿನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ನಡುವೆ ಐದು ವರ್ಷ! ಸ್ಪಿನ್ನರ್ ಒಬ್ಬನ 21ರಿಂದ 26ರವರೆಗಿನ ವರ್ಷಗಳು. ಆದರೂ ಅವರು ಒಟ್ಟು 49 ಟೆಸ್ಟ್‌ಗಳಲ್ಲಿ 189 ವಿಕೆಟ್ ಪಡೆದರು, ಮೊದಲ ನೂರು ವಿಕೆಟ್ ಬಂದಿದ್ದು 20 ಟೆಸ್ಟ್‌ಗಳಲ್ಲೇ. ಆ ಐದು ವರ್ಷಗಳೂ ಸಿಕ್ಕಿದ್ದರೆ ಎಷ್ಟಾಗುತ್ತಿತ್ತು ಎಂದು ಹಳೆಯ ಕ್ರಿಕೆಟ್ ಅಭಿಮಾನಿಗಳು ಇಂದಿಗೂ ಲೆಕ್ಕಹಾಕುತ್ತಾರೆ.

ಇದನ್ನು 'ಓದಿಗಾಗಿ ತ್ಯಾಗ' ಎಂದು ಹೇಳುವುದು ವಾಡಿಕೆ. ಆದರೆ ಗಮನಿಸಬೇಕಾದದ್ದು ಬೇರೆ. ಐದು ವರ್ಷದ ನಂತರವೂ ಪ್ರಸನ್ನ ಅವರಿಗೆ ಕ್ರಿಕೆಟ್‌ನ ಬಾಗಿಲು ತೆರೆದಿತ್ತು. ಇಂದು 21ಕ್ಕೆ ಆಟ ನಿಲ್ಲಿಸಿ 26ಕ್ಕೆ ಬರುತ್ತೇನೆ ಎನ್ನುವ ಆಟಗಾರನ ಜಾಗದಲ್ಲಿ ಎಷ್ಟು ಜನ ನಿಂತಿರುತ್ತಾರೆ, ಯೋಚಿಸಿ.

ಮುಂದಿನ ಪೀಳಿಗೆಗೆ ಕನ್ನಡನಾಡಿನಲ್ಲಿ ಎರಡನ್ನೂ ಜೊತೆಯಲ್ಲೇ ಸಾಗಿಸುವುದು ಸಾಧ್ಯವಾಯಿತು. ಅನಿಲ್ ಕುಂಬ್ಳೆ 1990ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಟೆಸ್ಟ್‌ಗೆ ಕಾಲಿಟ್ಟಾಗ 19ರ ಹರೆಯ, ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಿಂದ ಮೆಕ್ಯಾನಿಕಲ್ ಪದವಿ ಪಡೆದದ್ದು ಅದರ ನಂತರ. ಜಾವಗಲ್ ಶ್ರೀನಾಥ್ ಮೈಸೂರಿನ ಎಸ್‌ಜೆಸಿಇ ಎಂಜಿನಿಯರ್. ರಾಹುಲ್ ದ್ರಾವಿಡ್ ಸೇಂಟ್ ಜೋಸೆಫ್ಸ್ ಕಾಮರ್ಸ್ ಕಾಲೇಜಿನಲ್ಲಿ ಪದವಿ ಮುಗಿಸಿ ಎಂಬಿಎ ಓದುತ್ತಿದ್ದಾಗ 1996ರಲ್ಲಿ ಭಾರತ ತಂಡಕ್ಕೆ ಆಯ್ಕೆಯಾದರು. ಆಗ ಕ್ರಿಕೆಟ್ ವರ್ಷಪೂರ್ತಿ ಇರುತ್ತಿರಲಿಲ್ಲ. ದೇಶೀಯ ಆಟದಿಂದ ಬರುವ ಹಣ ಅತ್ಯಲ್ಪ, ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ಕೆಲಸ ಹಿಡಿಯಲೇಬೇಕು, ಅದಕ್ಕೆ ಪದವಿ ಬೇಕು. ಆದ್ದರಿಂದ ಓದು ಬಿಡುವ ಆಮಿಷವೇ ಇರಲಿಲ್ಲ.

ಈಗ ಏನು ಬದಲಾಗಿದೆ?

ಹಣ ಬಂದಿದೆ, ಮತ್ತು ಬೇಗ ಬಂದಿದೆ. ಬಿಸಿಸಿಐ 2021ರಲ್ಲಿ ಶುಲ್ಕ ಪರಿಷ್ಕರಿಸಿದ ಮೇಲೆ, 20 ಪಂದ್ಯಗಳವರೆಗೆ ಆಡಿದ ರಣಜಿ ಆಟಗಾರನಿಗೂ ದಿನಕ್ಕೆ 40,000 ರೂಪಾಯಿ. ನಾಲ್ಕು ದಿನದ ಏಳು ಲೀಗ್ ಪಂದ್ಯಗಳಲ್ಲೂ ಹನ್ನೊಂದರ ಬಳಗದಲ್ಲಿದ್ದರೆ 11.2 ಲಕ್ಷ ರೂಪಾಯಿ. ಇಪ್ಪತ್ತರ ಹುಡುಗನಿಗೆ ಇಷ್ಟು ಸಂಬಳ ಕೊಡುವ ಕ್ಯಾಂಪಸ್ ಸಂದರ್ಶನಗಳು ಹೆಚ್ಚೇನಿಲ್ಲ.

ಆದರೆ ಕರ್ನಾಟಕಕ್ಕೆ ಒಂದೇ ರಣಜಿ ತಂಡ, ಆಂಧ್ರಕ್ಕೂ ಒಂದೇ. ಅದರೊಳಗೆ ಹನ್ನೊಂದು ಜಾಗ.

ಐಪಿಎಲ್ ಲೆಕ್ಕ ಇನ್ನೂ ಕಟು. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಮೆಗಾ ಹರಾಜಿಗೆ 1,574 ಮಂದಿ ಹೆಸರು ಕೊಟ್ಟಿದ್ದರು. ಅಂತಿಮ ಪಟ್ಟಿಗೆ ಬಂದವರು 577. ಮಾರಾಟವಾದವರು 182. ಅಂದು 13 ವರ್ಷದ ವೈಭವ್ ಸೂರ್ಯವಂಶಿ 1.10 ಕೋಟಿಗೆ ಹೋದದ್ದೇ ಎಲ್ಲರ ಹೆಡ್‌ಲೈನ್. ನಾವೂ ಅದನ್ನೇ ಹಾಕಿದೆವು, ಸುಳ್ಳೇಕೆ ಹೇಳಬೇಕು. ಉಳಿದ 1,392 ಹೆಸರುಗಳಿಗೆ ಯಾವ ಸುದ್ದಿಮನೆಯಲ್ಲೂ ಜಾಗ ಇರಲಿಲ್ಲ.

ಇನ್ನೊಂದು ಬದಲಾವಣೆ ವಯಸ್ಸಿನ ಗಡಿಗಳದ್ದು. 19 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಒಬ್ಬ ಆಟಗಾರ ಒಮ್ಮೆ ಮಾತ್ರ ಆಡಬಹುದು ಎಂದು ಬಿಸಿಸಿಐ 2016ರಲ್ಲಿ ನಿರ್ಧರಿಸಿತು. ಹೆಚ್ಚು ಹುಡುಗರಿಗೆ ಅವಕಾಶ ಸಿಗಲಿ ಎಂಬುದು ಉದ್ದೇಶ. ಹುಡುಗರ ಕಣ್ಣಿಗೆ ಮಾತ್ರ ಅದು ಒಂದೇ ಬಸ್ಸು, ಒಂದೇ ಟ್ರಿಪ್ಪು. ಅದು ಬರುವುದೂ ಸರಿಯಾಗಿ ಪಿಯುಸಿ, ಪದವಿ ಪ್ರವೇಶದ ಹೊತ್ತಿಗೆ. ಕಾಲೇಜಿನಲ್ಲಿ ಶೇ. 75 ಹಾಜರಾತಿ ಕೇಳಿದರೆ ಯಾವುದು ಹಿಂದಕ್ಕೆ ಸರಿಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ ಅವರ ತಂದೆ ಸುರತ್ಕಲ್ ಎನ್‌ಐಟಿಕೆಯಲ್ಲಿ ಪ್ರಾಧ್ಯಾಪಕರಾಗಿದ್ದವರು, ತಾಯಿಯೂ ಪ್ರಾಧ್ಯಾಪಕಿ. ಮಗನಿಗೆ ಪದವಿ ಮುಗಿಸಲಾಗಲಿಲ್ಲ. ಭಾರತ ತಂಡದಲ್ಲಿ ವರ್ಷಗಟ್ಟಲೆ ಆಡಿದ ಮೇಲೂ ಉಳಿದ ಪೇಪರ್‌ಗಳನ್ನು ಬರೆದು ಮುಗಿಸು ಎಂದು ಅಮ್ಮ ಹೇಳುತ್ತಲೇ ಇರುತ್ತಾರೆ, ರಿಸರ್ವ್ ಬ್ಯಾಂಕಿನಲ್ಲಿ ಉದ್ಯೋಗ ಸಿಕ್ಕಾಗ ಮನೆಯಲ್ಲಿ ಆದ ಸಂತೋಷ ತಾನು ದೇಶಕ್ಕೆ ಆಡಿದಾಗಲೂ ಆಗಿರಲಿಲ್ಲ ಎಂದು ರಾಹುಲ್ ಸಂದರ್ಶನವೊಂದರಲ್ಲಿ ನಗುತ್ತಾ ಹೇಳಿದ್ದರು. ನಗು ಬರುವುದು ನಿಜ. ಆದರೆ ಆ ಅಮ್ಮ ಕೇಳುತ್ತಿರುವುದು ಆಟ ನಿಂತ ಮರುದಿನದ ಬಗ್ಗೆ. ಆ ಪ್ರಶ್ನೆ ತಪ್ಪೆಂದು ನನಗಂತೂ ಅನಿಸುವುದಿಲ್ಲ.

ಒಂದೇ ಊರಿನ ಇಬ್ಬರು ಬಿಲ್ಲುಗಾರರು

ಕ್ರಿಕೆಟ್ ಬಿಟ್ಟು ಉಳಿದ ಬಹುತೇಕ ಕ್ರೀಡೆಗಳಲ್ಲಿ ಹರಾಜೂ ಇಲ್ಲ, ದಿನಕ್ಕೆ 40,000 ಕೂಡ ಇಲ್ಲ. ಅಲ್ಲಿ 'ವೃತ್ತಿಪರ' ಆಗುವುದೆಂದರೆ ಬಹುಪಾಲು ಸರ್ಕಾರಿ ಕೆಲಸ ಹಿಡಿಯುವುದು. ಮತ್ತೆ ಕೊಂಡಪಲ್ಲಿಯ ಪಕ್ಕದ ವಿಜಯವಾಡಕ್ಕೇ ಬರೋಣ. ಈ ನಗರ ದೇಶಕ್ಕೆ ಇಬ್ಬರು ದೊಡ್ಡ ಬಿಲ್ಲುಗಾರರನ್ನು ಕೊಟ್ಟಿದೆ.

ಜ್ಯೋತಿ ಸುರೇಖಾ ವೆನ್ನಂ ಐದು ತುಂಬುವ ಮೊದಲೇ ಕೃಷ್ಣಾ ನದಿಯಲ್ಲಿ ಐದು ಕಿಲೋಮೀಟರ್ ಈಜಿ ಸುದ್ದಿಯಾದ ಹುಡುಗಿ. ನಂತರ ಬಿಲ್ಲು ಹಿಡಿದರು. ಹತ್ತಿರದ ಕೆ.ಎಲ್. ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುತ್ತಲೇ ಭಾರತಕ್ಕೆ ಆಡಿದರು. 2017ರಲ್ಲಿ ಅರ್ಜುನ ಪ್ರಶಸ್ತಿ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಮೂರು ಚಿನ್ನ. ಅವರ ಕಾಂಪೌಂಡ್ ವಿಭಾಗಕ್ಕೆ ಒಲಿಂಪಿಕ್ಸ್‌ನಲ್ಲಿ ಜಾಗವೇ ಇರಲಿಲ್ಲ, ಮಿಶ್ರ ತಂಡ ಸ್ಪರ್ಧೆ ಸೇರುತ್ತಿರುವುದೇ 2028ರ ಲಾಸ್ ಏಂಜಲೀಸ್‌ನಲ್ಲಿ. ಅಂದರೆ ಅವರು ಓದುತ್ತಿದ್ದ ದಿನಗಳಲ್ಲಿ ಈ ಆಟದಿಂದ ಒಲಿಂಪಿಕ್ ಪದಕದ ಕನಸನ್ನೂ ಕಾಣುವಂತಿರಲಿಲ್ಲ.

ಇನ್ನೊಬ್ಬರು ಧೀರಜ್ ಬೊಮ್ಮದೇವರ. ಅವರದು ಸೇನೆಯ ದಾರಿ. ಸೇನೆ ಸೇರಿದರೆ ಸಂಬಳ, ತರಬೇತಿ, ಉಪಕರಣ ಎಲ್ಲವೂ ಒಂದೇ ಕಡೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಂಕಿತಾ ಭಕತ್ ಜೊತೆ ಮಿಶ್ರ ತಂಡದಲ್ಲಿ ನಾಲ್ಕನೇ ಸ್ಥಾನ, ಕಂಚು ಕೈತಪ್ಪಿದ್ದು ಕೊನೆಯ ಪಂದ್ಯದಲ್ಲಿ.

ಇಬ್ಬರಲ್ಲಿ ಯಾರ ಆಯ್ಕೆ ಸರಿ? ಈ ಪ್ರಶ್ನೆಗೆ ಅರ್ಥವಿಲ್ಲ. ಇಬ್ಬರಿಗೂ ಬಿಲ್ಲು ಕೆಳಗಿಟ್ಟ ಮೇಲೂ ನಿಲ್ಲಲು ನೆಲವಿತ್ತು ಎಂಬುದೇ ಇಲ್ಲಿನ ವಿಷಯ.

ಮರಳುವ ಬಾಗಿಲು ಎಲ್ಲೆಲ್ಲಿದೆ?

ಬೇಸ್‌ಬಾಲ್‌ನಂತೆ ಒಪ್ಪಂದದಲ್ಲೇ ಕಾಲೇಜು ಫೀಸು ಬರೆಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಬೇರೂರಿಲ್ಲ. ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದ ಕ್ರೀಡಾಪಟುಗಳಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿನ ಭತ್ಯೆ, ಜೊತೆಗೆ ತರಬೇತಿಯ ವೆಚ್ಚ ಸಿಗುತ್ತದೆ. ಅದು ಆಡುವಷ್ಟು ದಿನದ ನೆರವು. ಆದರೂ ಕೆಲವು ಬಾಗಿಲುಗಳಿವೆ, ಅವುಗಳ ಬಗ್ಗೆ ಮನೆಯವರಿಗೆ ಗೊತ್ತಿರುವುದಿಲ್ಲ.

ಯುಜಿಸಿ 2021ರಲ್ಲಿ ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಅಂಥದ್ದೊಂದು. ಓದಿ ಪಾಸಾದ ವಿಷಯಗಳ ಅಂಕ ಬ್ಯಾಂಕ್ ಖಾತೆಯಲ್ಲಿಟ್ಟ ಹಣದಂತೆ ಜಮೆಯಾಗಿರುತ್ತದೆ. ಏಳು ವರ್ಷದವರೆಗೆ ಬಳಸಬಹುದು. ಎರಡು ಸೆಮಿಸ್ಟರ್ ಓದಿ, ಆಟಕ್ಕೆ ಹೋಗಿ, ಮರಳಿ ಮುಂದುವರಿಸಲು ಇದು ದಾರಿ. ಆದರೆ ಕರ್ನಾಟಕ 2024-25ರಿಂದ ಮತ್ತೆ ಮೂರು ವರ್ಷದ ಪದವಿ ವ್ಯವಸ್ಥೆಗೆ ಮರಳಿರುವುದರಿಂದ, ನಡುವೆ ಬಿಟ್ಟು ಬರುವ ಸೌಲಭ್ಯ ತಮ್ಮ ವಿಶ್ವವಿದ್ಯಾಲಯದಲ್ಲಿ ಹೇಗಿದೆ ಎಂದು ಸೇರುವ ಮೊದಲೇ ಕೇಳಿ ತಿಳಿಯಬೇಕು.

ಹಾಜರಾತಿಯ ತಲೆನೋವೇ ಬೇಡ ಎನ್ನುವವರಿಗೆ ಇಗ್ನೋ ಮತ್ತು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇವೆ. ಇಗ್ನೋದಲ್ಲಿ ಮೂರು ವರ್ಷದ ಬಿಎ ಪದವಿಯನ್ನು ಆರು ವರ್ಷದವರೆಗೆ ಮುಗಿಸಬಹುದು. ರಾಬಿನ್ ಉತ್ತಪ್ಪ, ಮಯಂಕ್ ಅಗರ್ವಾಲ್, ರಾಹುಲ್ ಓದಿದ ಬೆಂಗಳೂರಿನ ಜೈನ್‌ನಂಥ ಸಂಸ್ಥೆಗಳು ಕ್ರೀಡಾಪಟುಗಳಿಗೇ ಹೆಸರಾಗಿವೆ. ಹಾಜರಾತಿ ವಿನಾಯಿತಿ, ಮರುಪರೀಕ್ಷೆ, ಫೀಸು ರಿಯಾಯಿತಿ ಈ ಮೂರರಲ್ಲಿ ಯಾವುದು ಸಿಗುತ್ತದೆ ಎಂಬುದನ್ನು ಇಂಥ ಕಡೆಯೂ ಬಾಯಿಮಾತಿನಲ್ಲಿ ನಂಬದೆ ಬರಹದಲ್ಲಿ ಪಡೆಯುವುದು ಒಳ್ಳೆಯದು. ಗಾಯವಾಗಿ ಆಟ ನಿಂತರೆ ಆ ರಿಯಾಯಿತಿ ಮುಂದುವರಿಯುತ್ತದೆಯೇ ಎಂಬುದನ್ನು ಯಾರೂ ಕೇಳುವುದಿಲ್ಲ. ಮೊದಲು ಕೇಳಬೇಕಾದದ್ದು ಅದನ್ನೇ.

ಇನ್ನು ಕ್ರೀಡಾ ಕೋಟಾದ ಕೆಲಸ. ಪದಕವಿದ್ದರೆ ಸಾಕು ಎಂದುಕೊಂಡವರೇ ಹೆಚ್ಚು. ರೈಲ್ವೆಯ ಕ್ರೀಡಾ ಕೋಟಾ ನೇಮಕಾತಿ ಅಧಿಸೂಚನೆಯನ್ನು ತೆರೆದು ನೋಡಿ. ವೇತನ ಶ್ರೇಣಿ 4 ಮತ್ತು 5ಕ್ಕೆ ಪದವಿ ಬೇಕು. 2 ಮತ್ತು 3ಕ್ಕೆ ಪಿಯುಸಿ. ಎಸ್ಸೆಸ್ಸೆಲ್ಸಿ ಮಾತ್ರ ಇದ್ದರೆ ಶ್ರೇಣಿ 1. ಒಂದೇ ತಂಡದಲ್ಲಿ ಆಡಿ ಒಂದೇ ಪದಕ ಗೆದ್ದ ಇಬ್ಬರು ಗೆಳೆಯರಲ್ಲಿ ಒಬ್ಬ ಕ್ಲರ್ಕ್ ಹುದ್ದೆಗೆ, ಇನ್ನೊಬ್ಬ ಕೆಳಗಿನ ಹುದ್ದೆಗೆ ಸೇರುವುದು ಹೀಗೆ. ಅಧಿಸೂಚನೆ ಬಂದ ದಿನ ಪದವಿ ಇಲ್ಲದಿದ್ದರೆ, ಮುಂದಿನ ವರ್ಷ ಮುಗಿಸುತ್ತೇನೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.